ಹತ್ತು ವರ್ಷದ ಲ್ಯಾಪ್‌ಟಾಪ್, ವಿಂಡೋಸ್ 10 ಮುಗಿಯಿತು: ನೀವು ಏನು ಮಾಡಿದಿರಿ?

ಹಳೆಯ ಮೇಜು (ಕೇಳಿದವರು)

2016ರಲ್ಲಿ ಕೊಂಡ ಲ್ಯಾಪ್‌ಟಾಪ್. ಇಂಟೆಲ್ ಆರನೆಯ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. 11 ಹಾಕಲು ಹೋದರೆ ಪ್ರೊಸೆಸರ್ ಅರ್ಹವಲ್ಲ ಎನ್ನುತ್ತದೆ. ಕನ್ನಡದಲ್ಲಿ ಬರೆಯುತ್ತೇನೆ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳನ್ನು ಆಗಾಗ ತೆರೆಯಬೇಕಾಗುತ್ತದೆ, ಮನೆಯ ಲೆಕ್ಕ ಇಡುತ್ತೇನೆ. ಮಗ ವಾರಾಂತ್ಯದಲ್ಲಿ ಆಟ ಆಡುತ್ತಾನೆ. ವಿಂಡೋಸ್ ಬಿಟ್ಟು ಉಚಿತವಾಗಿ ಸಿಗುವ ಲಿನಕ್ಸ್‌ಗೆ ಹೋಗಲೇ, 11ನ್ನು ಬಲವಂತವಾಗಿ ಹಾಕಲೇ, ಹೊಸದನ್ನೇ ಕೊಳ್ಳಲೇ? ಹಾದುಬಂದವರು ಹೇಳಿ.

ಕಗಪ ಬೆರಳು

ಲಿನಕ್ಸ್‌ಗೆ ಬಂದು ಐದು ತಿಂಗಳಾಯಿತು, ತಿರುಗಿ ನೋಡಿಲ್ಲ. ನನ್ನದು 2014ರ ಯಂತ್ರ, 4 ಜಿಬಿ ರ‍್ಯಾಮ್. ಲಿನಕ್ಸ್ ಮಿಂಟ್ 22 ಹಾಕಿದೆ. ಅದಕ್ಕೆ 2029ರವರೆಗೆ ಬೆಂಬಲವಿದೆ. ಹಾಕಲು ಹಿಡಿದದ್ದು ಅರ್ಧ ಗಂಟೆ. ಕಷ್ಟ ಶುರುವಾದದ್ದು ಆಮೇಲೆ. ಮೊದಲ ಬೂಟ್‌ನಲ್ಲೇ ವೈಫೈ ಇಲ್ಲ. ವೈಫೈ ಚಿಪ್‌ನ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು. ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಅದರ ಇಂಟರ್ನೆಟ್ ಬಳಸಬಹುದೆಂದು ಹೊಳೆಯಲು ಒಂದೂವರೆ ದಿನ ಹಿಡಿಯಿತು.

ಆಮೇಲೆ ಪ್ರಿಂಟರ್. ಆರು ಸಂಜೆಗಳನ್ನು ಅದು ನುಂಗಿತು. ಪ್ರತಿ ಪುಟದ ಬಲ ಅಂಚಿನಲ್ಲಿ ಕೊನೆಯ ಅಕ್ಷರ ಕತ್ತರಿಸಿಹೋಗುತ್ತಿತ್ತು. ಡ್ರೈವರ್ ಮೂರು ಬಾರಿ ತೆಗೆದು ಹಾಕಿದೆ, ತಂತಿ ಬದಲಿಸಿದೆ. ಕೊನೆಗೆ ನೋಡಿದರೆ ಕಾಗದದ ಅಳತೆ ಎ4 ಬದಲು ಲೆಟರ್ ಎಂದಿತ್ತು. ಲೆಟರ್ ಹಾಳೆ ಎ4ಗಿಂತ 6 ಮಿಲಿಮೀಟರ್ ಅಗಲ. ಆ 6 ಮಿಲಿಮೀಟರಿಗೆ ನಲವತ್ತು ಹಾಳೆ ಹೋಯಿತು.

ಆದರೆ ಕನ್ನಡ? ಕೀಲಿಮಣೆಯ ಪಟ್ಟಿಯಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಮೊದಲೇ ಇದೆ. ಆರಿಸಿಕೊಂಡು ಬರೆಯತೊಡಗಿದೆ, ಬೆರಳಿಗೆ ಹೊಸದೇನೂ ಕಲಿಸಬೇಕಾಗಲಿಲ್ಲ. ಎಫ್ ಒತ್ತಿದರೆ ಒತ್ತಕ್ಷರ, ಮೊದಲಿನಂತೆಯೇ. ಕಣ್ಣು ಮುಚ್ಚಿ ಬನ್ನಿ.

ಪುಟ ಕಟ್ಟುವವಳು

ದಯವಿಟ್ಟು ಕಣ್ಣು ತೆರೆದುಕೊಂಡು ಹೋಗಿ. ಮೇಲಿನವರ ಮಾತು ನಂಬಿ ಹೋಗಿ ಕೈಸುಟ್ಟುಕೊಂಡವಳು ನಾನು.

ನನ್ನ ಹೊಟ್ಟೆಪಾಡು ಪುಟವಿನ್ಯಾಸ. ಹದಿನಾಲ್ಕು ವರ್ಷದ ಕಡತಗಳು, ಎಲ್ಲವೂ ನುಡಿಯ ಹಳೆಯ ಅಕ್ಷರಶೈಲಿಯಲ್ಲಿ, ಪೇಜ್‌ಮೇಕರ್ 7ರಲ್ಲಿ. ಹಳೆಯ ಶೈಲಿಯಲ್ಲಿ ಕನ್ನಡ ಅಕ್ಷರದ ತುಂಡುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ. ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದರು. 640 ಪುಟದ ಒಂದು ಪುಸ್ತಕವನ್ನು ಬದಲಾಯಿಸಿದೆ. ಮೊದಲ ಪುಟದಲ್ಲೇ ‘ಸೂರ್ಯ’ ಹೋಗಿ ‘ಸೂಯರ್’ ಆಗಿತ್ತು. ‘ಧರ್ಮ’ ‘ಧಮರ್’. ‘ಕಾರ್ಯ’ ‘ಕಾಯರ್’. ಹಳೆಯ ಶೈಲಿಯಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಒತ್ತುತ್ತೇವೆ. ಪರಿವರ್ತಕ ಅದನ್ನು ಇದ್ದ ಜಾಗದಲ್ಲೇ ‘ರ್’ ಮಾಡಿ ಬಿಟ್ಟಿತ್ತು. ಹುಡುಕಿ ಬದಲಿಸುವ ಆಜ್ಞೆಯಿಂದ ತಿದ್ದೋಣವೆಂದರೆ ‘ಅಮರ್’, ‘ಸಮರ್’ ಎಂದು ನಿಜವಾಗಿಯೇ ‘ಮರ್’ ಕೊನೆಗೊಳ್ಳುವ ಹೆಸರುಗಳೂ ಕೆಡುತ್ತವೆ. ಒಂದೊಂದನ್ನೂ ಕಣ್ಣಿಟ್ಟು ನೋಡಿದೆ. ಹತ್ತೊಂಬತ್ತು ರಾತ್ರಿ. ಆದರೂ ಅಚ್ಚಾದ ಪುಸ್ತಕದ 212ನೇ ಪುಟದಲ್ಲಿ ‘ಪೂವರ್ಜರು’ ಉಳಿಯಿತು. ಲೇಖಕರು ಫೋನ್ ಮಾಡಿ ಆ ಒಂದು ಪದವನ್ನು ನಿಧಾನವಾಗಿ ಓದಿ ಹೇಳಿ ಇಟ್ಟುಬಿಟ್ಟರು. ಆ ವಾರವೇ ವಿಂಡೋಸ್‌ಗೆ ಮರಳಿದೆ.

ಕಗಪ ಬೆರಳು

ಅದು ಲಿನಕ್ಸ್‌ನ ತಪ್ಪೇ? ವಿಂಡೋಸ್‌ನಲ್ಲಿ ಕೂತು ಬದಲಾಯಿಸಿದ್ದರೂ ‘ಸೂಯರ್’ ಎಂದೇ ಬರುತ್ತಿತ್ತು. ಹಳೆಯ ಶೈಲಿಯನ್ನು ಇಷ್ಟು ವರ್ಷ ಹಿಡಿದುಕೊಂಡಿದ್ದು ನಿಮ್ಮ ನಿರ್ಧಾರ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ.

ಪುಟ ಕಟ್ಟುವವಳು

ಜಾಗ ಸಿಗುವುದು ಬೇರೆ, ಅಚ್ಚಿನ ಮನೆ ಅದನ್ನು ಒಪ್ಪುವುದು ಬೇರೆ. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುವುದೇ ಇಲ್ಲ. ಮುದ್ರಕರು ಕೇಳುವ ಕಡತವನ್ನು ಕೊಟ್ಟರೆ ನನಗೆ ಕೆಲಸ, ಇಲ್ಲವಾದರೆ ಇಲ್ಲ. ನಿಮ್ಮ ನಲವತ್ತು ಹಾಳೆಯ ನಷ್ಟವನ್ನು ನನ್ನ ಹತ್ತೊಂಬತ್ತು ರಾತ್ರಿಯ ಪಕ್ಕದಲ್ಲಿ ಇಟ್ಟು ನೋಡಿ, ಆಮೇಲೆ ಮಾತಾಡಿ.

ತಮ್ಮನ ಅಣ್ಣ

ಕಡತಗಳ ಜಗಳದಲ್ಲಿ ಆಟವನ್ನು ಎಲ್ಲರೂ ಮರೆತಿರಿ. ನಮ್ಮ ಮನೆಯಲ್ಲಿ ನಿರ್ಧಾರ ಮಾಡಿದ್ದು ಅದೇ.

ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ 2018ರಲ್ಲಿ ಬಂದ ಮೇಲೆ, 2022ರಲ್ಲಿ ಲಿನಕ್ಸ್‌ನಲ್ಲೇ ನಡೆಯುವ ಆಟದ ಕೈಯಂತ್ರ ಸ್ಟೀಮ್ ಡೆಕ್ ಬಂದ ಮೇಲಂತೂ, ಲಿನಕ್ಸ್‌ನಲ್ಲಿ ಆಟ ನಡೆಯುವುದಿಲ್ಲ ಎನ್ನುವ ಹಳೆಯ ಮಾತು ಸುಳ್ಳಾಗಿದೆ. ಒಬ್ಬನೇ ಆಡುವ ಆಟ ಸರಾಗವಾಗಿ ಓಡುತ್ತದೆ. ಆದರೆ ನನ್ನ ತಮ್ಮ ಆಡುವುದು ನಾಲ್ವರು ಗೆಳೆಯರ ತಂಡದಲ್ಲಿ. ಮೋಸ ತಡೆಯುವ ತಂತ್ರಾಂಶ ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಕೂರುವಂಥ ಆಟಗಳು ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ಫೋರ್ಟ್‌ನೈಟ್, ವ್ಯಾಲೊರಂಟ್ ಎರಡೂ ಆ ಸಾಲಿನವು. ತಮ್ಮನದು ಇನ್ನೊಂದು ಆಟ, ಹೆಸರು ಬೇಡ. 87 ಜಿಬಿ ಇಳಿಸಿದ. ನಮ್ಮ ಸಂಪರ್ಕದಲ್ಲಿ ಎರಡು ರಾತ್ರಿ, ಒಂದು ಹಗಲು. ಆಟ ತೆರೆಯಿತು, ಹಾಡು ಬಂತು, ತಂಡಕ್ಕೆ ಸೇರುವ ಗುಂಡಿ ಒತ್ತಿದ. ಹೊರಗೆ ಹಾಕಿತು. ಮತ್ತೆ ಒತ್ತಿದ, ಮತ್ತೆ ಹಾಕಿತು. ಹದಿನೈದು ವರ್ಷದ ಹುಡುಗ ಏನೂ ಹೇಳದೆ ಹೆಡ್‌ಫೋನ್‌ನ ತಂತಿಯನ್ನು ಸುತ್ತಿ ಸುತ್ತಿ ಡಬ್ಬಿಗೆ ಹಾಕಿ ಇಟ್ಟ. ಅದನ್ನು ನೋಡಿದ ಮೇಲೆ ಹೊಸ ಯಂತ್ರ ಕೊಂಡೆ. ಅರ್ಧ ತಿಂಗಳ ಸಂಬಳ ಒಮ್ಮೆಗೇ, ಉಳಿದದ್ದು ಇನ್ನೂ ಒಂಬತ್ತು ಕಂತು. ವಿಷಾದವಿಲ್ಲ.

ಬಲವಂತದ 11

ಕಂತು ಕಟ್ಟುವ ಅಗತ್ಯವೇ ಇರಲಿಲ್ಲ. ನಾನು ರೂಫಸ್ ಎಂಬ ತಂತ್ರಾಂಶ ಬಳಸಿ 11 ಹಾಕುವ ಪೆನ್ ಡ್ರೈವ್ ಮಾಡಿದೆ, ಟಿಪಿಎಂ 2.0 (ಭದ್ರತಾ ಚಿಪ್) ಪರೀಕ್ಷೆ ತೆಗೆಯುವ ಚೌಕಕ್ಕೆ ಗುರುತು ಹಾಕಿದೆ, ಇದೇ ಆರನೆಯ ತಲೆಮಾರಿನ ಯಂತ್ರದಲ್ಲಿ 11 ಓಡುತ್ತಿದೆ. ತಿಂಗಳ ಭದ್ರತಾ ನವೀಕರಣಗಳೂ ಬರುತ್ತಿವೆ. ವರ್ಷದ ದೊಡ್ಡ ನವೀಕರಣ ಮಾತ್ರ ತಾನಾಗಿ ಬರುವುದಿಲ್ಲ, ಪೆನ್ ಡ್ರೈವ್ ಮತ್ತೆ ಮಾಡಬೇಕು. ಎರಡು ಬಾರಿ ಮಾಡಿದ್ದೇನೆ, ಒಂದೊಂದು ಭಾನುವಾರ ಹೋಯಿತು. ಎರಡನೆಯ ಬಾರಿ ಶೇಕಡಾ 71ಕ್ಕೆ ಬಂದು ನಾಲ್ಕು ಗಂಟೆ ನಿಂತಿತ್ತು. ಕಾದೆ. ಮುಗಿಯಿತು. 24ಎಚ್‌2 ಆವೃತ್ತಿಯಿಂದ ಈಚೆಗೆ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ ಅದು ಬೂಟ್ ಆಗುವುದೇ ಇಲ್ಲ, ಆದರೆ ಆರನೆಯ ತಲೆಮಾರಿಗೆ ಆ ಭಯವಿಲ್ಲ.

ತಮ್ಮನ ಅಣ್ಣ

ಅರ್ಹವಲ್ಲದ ಯಂತ್ರಕ್ಕೆ ನವೀಕರಣದ ಖಾತರಿ ಇಲ್ಲ ಎಂದು ಹಾಕುವಾಗಲೇ ಒಪ್ಪಿಗೆ ಕೇಳುತ್ತದೆ. ನೀವು ಒಪ್ಪಿ ಮುಂದೆ ಹೋಗಿದ್ದೀರಿ. ನಾಳೆ ನಿಂತರೆ ಯಾರನ್ನು ಕೇಳುತ್ತೀರಿ? ಮನೆಗೆ ಬೇಕಾದ್ದನ್ನು ಮಾಡಿದೆ. ನನ್ನ ಕಂತಿನ ಮಾತು ನಿಮಗೆ ಬೇಡ.

ರಾತ್ರಿ ಪಾಳಿ

ಇವರೆಲ್ಲ ಹೇಳದೇ ಬಿಟ್ಟ ಒಂದು ಮಾತಿದೆ. ನನ್ನ ಯಂತ್ರ 11ಕ್ಕೆ ಅರ್ಹವಾಗಿಯೇ ಇತ್ತು, ತೊಂದರೆಯಿಲ್ಲದೆ ಏರಿತು. ಒಂದು ವಾರದ ಮೇಲೆ ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಏನೋ ಸರಿಪಡಿಸಲು ಹೋದೆ. ಟಿಪಿಎಂ ಚಿಪ್‌ನ ಕೀಲಿಗಳನ್ನು ಅಳಿಸಲೇ ಎಂದು ಕೇಳಿತು. ಬೆಳಗಿನ ಜಾವ ಮೂರು ಗಂಟೆ, ಪಾಳಿ ಮುಗಿಸಿ ಬಂದಿದ್ದೆ, ಹೌದು ಎಂದು ಒತ್ತಿದೆ. ಮರುಕ್ಷಣ ನೀಲಿ ಪರದೆ, 48 ಅಂಕಿಯ ಮರುಪಡೆಯುವ ಸಂಖ್ಯೆ ಕೊಡಿ ಎಂದು. ಎದೆ ಧಸಕ್ಕೆಂದಿತು.

ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಬೀಗ ಬಿದ್ದಿದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಕೊಂಡ ದಿನ ಯಾರೋ ಒಂದು ಮೈಕ್ರೋಸಾಫ್ಟ್ ಖಾತೆ ತೆರೆದು ಕೊಟ್ಟಿದ್ದರು. ಸಂಖ್ಯೆ ಉಳಿದಿರುವುದು ಆ ಖಾತೆಯಲ್ಲಿ. ಅದರ ಪಾಸ್‌ವರ್ಡ್ ಗೊತ್ತಿಲ್ಲ, ಅದಕ್ಕೆ ಕೊಟ್ಟಿದ್ದ ಮೊಬೈಲ್ ಸಂಖ್ಯೆಯನ್ನು ಬಿಟ್ಟು ನಾಲ್ಕು ವರ್ಷ. ಹನ್ನೊಂದು ವರ್ಷದ ಚಿತ್ರಗಳು, ಅಜ್ಜಿ ಹಾಡಿದ 31 ಹಾಡುಗಳ ಧ್ವನಿಮುದ್ರಣ. ಐದು ಕಡೆ ಡಿಸ್ಕ್ ಒಯ್ದೆ. ನಾಲ್ವರು ನೋಡಿದ ಕೂಡಲೇ ಆಗುವುದಿಲ್ಲ ಎಂದರು. ಐದನೆಯವರು ಮೂರು ವಾರ ಇಟ್ಟುಕೊಂಡು ಅದೇ ಮಾತು ಹೇಳಿದರು. ಡಿಸ್ಕ್ ಈಗಲೂ ಕಪಾಟಿನಲ್ಲಿದೆ. ಎಸೆಯಲು ಕೈ ಬರುವುದಿಲ್ಲ.

ಬಲವಂತದ 11

ನಕಲು ಇಟ್ಟುಕೊಳ್ಳದೆ ಬಯೋಸ್‌ಗೆ ಕೈ ಹಾಕಬಾರದು. ಇದು ಮೊದಲ ಪಾಠ.

ರಾತ್ರಿ ಪಾಳಿ

ಆ ಪಾಠ ನನಗೆ ಈಗ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಪೆನ್ ಡ್ರೈವ್ ಶೇಕಡಾ 71ರಲ್ಲಿ ನಾಲ್ಕು ಗಂಟೆ ನಿಂತಾಗ ನಿಮ್ಮ ನಕಲು ಎಲ್ಲಿತ್ತು? ಅದನ್ನು ಬರೆದಿಲ್ಲ ನೀವು.

ಹದಿಮೂರು ತಿರುಪು

ನಾನು ನಿವೃತ್ತ ಶಿಕ್ಷಕ. ನಿಮ್ಮ ಯಂತ್ರ ನಿಧಾನವಾಗಿದ್ದರೆ ಅರ್ಧ ಕಾರಣ ಆ ಹಾರ್ಡ್ ಡಿಸ್ಕ್. ನಾನು ಅದನ್ನು ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ಹಾಕಿದೆ. ಅಡಿಯ ಮುಚ್ಚಳಕ್ಕೆ ಹದಿಮೂರು ತಿರುಪು, ಅವುಗಳಲ್ಲಿ ಎರಡು ರಬ್ಬರ್ ಪಾದಗಳ ಕೆಳಗೆ ಅಡಗಿವೆ. ಅವು ಕಾಣದೆ ಎಳೆದು ಮುಚ್ಚಳದ ಒಂದು ಮೂಲೆ ಬಿರುಕುಬಿಟ್ಟಿತು. ತಿರುಪುಗಳನ್ನು ಬಿಳಿ ಕಾಗದದ ಮೇಲೆ ಇದ್ದ ಜಾಗದ ಪ್ರಕಾರವೇ ಅಂಟಿಸಿಟ್ಟಿದ್ದೆ, ಯಾಕೆಂದರೆ ಮೂರು ತಿರುಪು ಉದ್ದದವು. ಬೂಟ್ ಆಗಲು ಮೊದಲು 3 ನಿಮಿಷ 50 ಸೆಕೆಂಡು ಹಿಡಿಯುತ್ತಿತ್ತು, ಈಗ 22 ಸೆಕೆಂಡು. ಗಡಿಯಾರ ಹಿಡಿದು ನೋಡಿದ್ದೇನೆ. ವಿಂಡೋಸ್ 10ನ್ನೇ ಇಟ್ಟುಕೊಂಡು ಭದ್ರತಾ ನವೀಕರಣದ ವಿಸ್ತರಣೆಗೆ ಸೇರಿದ್ದೇನೆ. ಅದು 2026ರ ಅಕ್ಟೋಬರ್ 13ರವರೆಗೆ.

ಕಗಪ ಬೆರಳು

ಅಲ್ಲಿಂದ ಮುಂದೆ? ಒಂದು ವರ್ಷ ಮುಂದೂಡಿದ್ದನ್ನು ಪರಿಹಾರ ಎನ್ನಬೇಡಿ ಮೇಷ್ಟ್ರೇ.

ಹದಿಮೂರು ತಿರುಪು

ಒಂದು ವರ್ಷ ನನಗೆ ಸಣ್ಣದಲ್ಲ. ಅಷ್ಟರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಯೂನಿಕೋಡ್‌ಗೆ ತರುತ್ತೇನೆ, ದಿನಕ್ಕೆ ನಾಲ್ಕರಂತೆ.

ಪುಟ ಕಟ್ಟುವವಳು

ಮೇಷ್ಟ್ರೇ, ಪ್ರಶ್ನೆಪತ್ರಿಕೆಯಲ್ಲಿ ‘ರ‍್ಯಾಂಕ್’, ‘ರ‍್ಯಾಲಿ’ ಇದ್ದರೆ ಎಚ್ಚರ. ಯೂನಿಕೋಡ್‌ನಲ್ಲಿ ರ ಮತ್ತು ಯ ಸೇರಿದರೆ ಅದು ತಾನಾಗಿ ಅರ್ಕಾವೊತ್ತೇ ಆಗುತ್ತದೆ. ರ ಕೆಳಗೆ ಯ ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಕೂರಿಸಬೇಕು. ಎಷ್ಟೋ ತಂತ್ರಾಂಶಗಳು ನಕಲಿಸಿ ಅಂಟಿಸುವಾಗ ಅದನ್ನು ಬೀಳಿಸುತ್ತವೆ. ಪರದೆಯ ಮೇಲೆ ಸರಿಯಿದ್ದದ್ದು ಅಚ್ಚಿನಲ್ಲಿ ‘ರ್ಯಾಲಿ’.

ಕಗಪ ಬೆರಳು

ಎಲ್ಲರೂ ‘ರ್ಯಾಲಿ’ ಎಂದೇ ಬರೆಯುತ್ತಾರೆ, ಓದುವವರಿಗೆ ಅರ್ಥವಾಗುತ್ತದೆ. ಇಷ್ಟು ಸಣ್ಣದಕ್ಕೆ ಒಂದು ವ್ಯವಸ್ಥೆಯನ್ನೇ ಬೇಡವೆನ್ನುವುದು ಸರಿಯಲ್ಲ.

ಪುಟ ಕಟ್ಟುವವಳು

ಅರ್ಥವಾಗುವುದಕ್ಕೂ ಸರಿಯಾಗಿರುವುದಕ್ಕೂ ವ್ಯತ್ಯಾಸ ಕಾಣದವರ ಜೊತೆ ನನಗೆ ಮಾತಿಲ್ಲ. ಕೆ.ಪಿ. ರಾವ್ ಅವರು ಧ್ವನಿಯ ಪ್ರಕಾರ ಕೀಲಿಮಣೆ ರೂಪಿಸಿದಾಗ ಯಾವ ಅಕ್ಷರವನ್ನೂ ಸಣ್ಣದೆಂದು ಬಿಟ್ಟಿರಲಿಲ್ಲ. ನಿಮ್ಮ ಹೆಸರಿನಲ್ಲೇ ಆ ಕೀಲಿಮಣೆ ಇದೆ.

ಕಗಪ ಬೆರಳು

ಅದಕ್ಕೇ ಹೇಳುತ್ತಿದ್ದೇನೆ, ಆ ಕೀಲಿಮಣೆ ಯಾವ ಬಾಡಿಗೆಯೂ ಇಲ್ಲದೆ ಲಿನಕ್ಸ್‌ನಲ್ಲಿದೆ. ನಿಮ್ಮ ಸಿಟ್ಟು ಒಂದು ಪರಿವರ್ತಕದ ಮೇಲೆ. ಅದನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಿದ್ದೀರಿ.

ಹಳೆಯ ಮೇಜು

ಎಲ್ಲರಿಗೂ ವಂದನೆ. ರಾತ್ರಿ ಪಾಳಿಯವರ ಮಾತು ಓದಿ ಮೊದಲು ಹೊರಗಿನ ಡಿಸ್ಕ್ ಸಿಕ್ಕಿಸಿದೆ. 412 ಜಿಬಿಯಲ್ಲಿ 97 ನಕಲಾಗಿದೆ. ನನ್ನ ಡಿಸ್ಕಿಗೆ ಎನ್‌ಕ್ರಿಪ್ಷನ್ ಇಲ್ಲ, ಸೆಟ್ಟಿಂಗ್ಸ್‌ನಲ್ಲಿ ನೋಡಿದೆ. ನುಡಿ ಕಡತಗಳು ಎಣಿಸಿದರೆ 63. ಅವುಗಳನ್ನು ಏನು ಮಾಡಲಿ?

ಪುಟ ಕಟ್ಟುವವಳು

ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ 63ನ್ನೂ ಒಂದೊಂದಾಗಿ ತೆರೆದು ಪಿಡಿಎಫ್ ಮಾಡಿಟ್ಟುಕೊಳ್ಳಿ, ಅಕ್ಷರಶೈಲಿ ಒಳಗೇ ಸೇರಿರುವಂತೆ. ಮೂಲ ಕಡತವನ್ನೂ ಅಕ್ಷರಶೈಲಿಯ ಕಡತವನ್ನೂ ಒಂದೇ ಫೋಲ್ಡರ್‌ನಲ್ಲಿ ಇಡಿ. ಬದಲಾಯಿಸಿದ ಮೇಲೆ ಪಿಡಿಎಫ್ ಎಡಕ್ಕೆ, ಯೂನಿಕೋಡ್ ಬಲಕ್ಕೆ ಇಟ್ಟು ಓದಿ. ‘ಯರ್’, ‘ಮರ್’, ‘ವರ್’, ‘ತರ್’ ಎಂದು ಹುಡುಕಿ, ಆದರೆ ಒಮ್ಮೆಗೇ ಬದಲಿಸುವ ಗುಂಡಿ ಒತ್ತಬೇಡಿ. ‘ಪೂವರ್ಜರು’ ನನ್ನ ಕೈತಪ್ಪಿದ್ದು ‘ವರ್’ ಹುಡುಕದೇ ಬಿಟ್ಟಿದ್ದಕ್ಕೆ.