ಸಹಾಯ ಬೇಕು: ಪಿಎಚ್‌ಡಿ ಮಾಡುತ್ತಿರುವ ತಂಗಿಗೆ ಪ್ರಶ್ನೆ ಕೇಳುವ ಸೀನಿಯರ್ ಬೇಕು

ಎಲ್ಲರಿಗೂ ಶರಣು. ನಮ್ಮ ಕಾಕಾನ ಮಗಳು ಕಲಬುರಗಿಯಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಊರು ಶಹಾಪುರ ಕಡೆ. ಅವರ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವಳು ಇವಳೊಬ್ಬಳೇ. ಗರ್ಭಿಣಿಯರ ರಕ್ತಹೀನತೆ ಮೇಲೆ ಅವಳ ಕೆಲಸ.

ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಶುರುವಿನಲ್ಲಿ ಸಿಗುವ ಫೆಲೋಶಿಪ್) ಸಿಕ್ಕು ಎರಡು ವರ್ಷ ಆಯಿತು. ಈಗ ಅದರ ಮುಂದಿನ ಹಂತ, ಎಸ್‌ಆರ್‌ಎಫ್ ಆಗಬೇಕು. ತಿಂಗಳಿಗೆ 37,000 ಇದ್ದದ್ದು 42,000 ರೂಪಾಯಿ ಆಗುತ್ತದೆ. ಅದಕ್ಕೆ ಕಮಿಟಿ ಮುಂದೆ, ಹೊರಗಿನಿಂದ ಬಂದ ತಜ್ಞರ ಎದುರು, ಇಂಗ್ಲಿಷಿನಲ್ಲಿ ಕೆಲಸ ವಿವರಿಸಬೇಕು.

ಹುಡುಗಿಗೆ ವಿಷಯ ಚೆನ್ನಾಗಿ ಗೊತ್ತು. ಕಬ್ಬಿಣ ಕೂಡಿಡುವ ಪ್ರೋಟೀನ್ ಆದ ಫೆರಿಟಿನ್ ರಕ್ತದಲ್ಲಿ ಕಡಿಮೆ ಇದ್ದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಅಂತ ಅರ್ಥ. ಆದರೆ ಸೋಂಕು ಇದ್ದಾಗ ಅದೇ ಫೆರಿಟಿನ್ ಸುಮ್ನೆ ಜಾಸ್ತಿ ತೋರಿಸುತ್ತದೆ, ಅದಕ್ಕೇ ಸೋಂಕು ಇದ್ದರೆ ಏರುವ ಸಿಆರ್‌ಪಿ ಅನ್ನೋ ಪ್ರೋಟೀನನ್ನೂ ರಕ್ತದಲ್ಲಿ ನೋಡಬೇಕು. ಇದನ್ನು ಕಾಮರ್ಸ್ ಓದಿದ ನನಗೂ ತಿಳಿಯುವ ಹಾಗೆ ಹೇಳುತ್ತಾಳೆ! ಇಂಗ್ಲಿಷ್ ಸ್ಲೈಡ್ ಮುಂದೆ ನಿಂತರೆ ಮಾತ್ರ ಬಾಯಿ ಕಟ್ಟುತ್ತದೆ.

ದುಡ್ಡು ಕೇಳುತ್ತಿಲ್ಲ. ಫೆಲೋಶಿಪ್ ತಡವಾಗಿ ಬರುವ ಗೋಳು ಬೇರೆ, ಬಿಡಿ. ಈ ವಿಷಯದಲ್ಲಿ ಪಿಎಚ್‌ಡಿ ಮುಗಿಸಿದವರು ವಾರಕ್ಕೊಂದು ಸಲ ಗೂಗಲ್ ಮೀಟ್‌ನಲ್ಲಿ ಕೂತು ಕಮಿಟಿಯವರ ಹಾಗೆ ಪ್ರಶ್ನೆ ಕೇಳಿದರೆ ಸಾಕು. ನಮ್ಮ ಯಾದಗಿರಿ, ಬೀದರ್ ಕಡೆಯ ಅಕ್ಕಂದಿರು ಸಿಕ್ಕರೆ ಇನ್ನೂ ಒಳ್ಳೆಯದು, ಸಂಕೋಚ ಇಲ್ಲದೆ ಮಾತಾಡುತ್ತಾಳೆ. ಸಂಜೆ ಏಳರ ಮೇಲೆ ಯಾವಾಗಾದರೂ ನಡೆಯುತ್ತದೆ. ದಯವಿಟ್ಟು ಇನ್‌ಬಾಕ್ಸ್ ಮಾಡಿ.