ಮೇ ತಿಂಗಳಲ್ಲಿ ಮಂಗಳೂರಿಗೆ ಹೊರಟ ವೈನಿಯವರಿಗೆ (ಅತ್ತಿಗೆಗೆ)

ವೈನಿ, ನಮಸ್ಕಾರ. ಮನೆಯವರ ಈ ಗುಂಪಿನಲ್ಲಿರುವ ಹಿರಿಯರಿಗೂ ಕಿರಿಯರಿಗೂ ನಮಸ್ಕಾರ. ನಿನ್ನೆ ರಾತ್ರಿ ಇಲ್ಲಿ ನಡೆದ ಮಾತುಕತೆಯನ್ನು ಈಗಷ್ಟೇ ಪೂರ್ತಿಯಾಗಿ ಓದಿದೆ. ಕಳೆದ ವಾರ ಗೆಳೆಯರೊಂದಿಗೆ ಎರಡು ದಿನ ಮಂಗಳೂರು ಸುತ್ತಿಹೋದ ನಮ್ಮ ಮೈಸೂರಿನ ಅಳಿಯ, ಮುಚ್ಚಳ ಹಾಕಿ ಕುದಿಯಲಿಟ್ಟ ಹಂಡೆಯೊಳಗೆ ಇದ್ದು ಬಂದಂತಾಯಿತು, ದೇವಸ್ಥಾನದ ಬಾಗಿಲು ಮುಚ್ಚಿತ್ತು, ಕಡಲ ಮರಳು ಕಾಲು ಸುಟ್ಟಿತು, ನೋಡುವಂಥದ್ದು ಏನೂ ಇಲ್ಲ ಎಂದು ಬರೆದಿದ್ದಾನೆ. ಅದನ್ನು ಓದಿ, ಮೇ ಎರಡನೆಯ ವಾರದಲ್ಲಿ ಅಣ್ಣ, ನಿಮ್ಮ ತಾಯಿಯವರು ಮತ್ತು ಮೊಮ್ಮಕ್ಕಳನ್ನು ಕರೆದುಕೊಂಡು ಬರಬೇಕೆಂದಿದ್ದ ನೀವು, ಇದರ ಬದಲು ಊಟಿಗೆ ಹೋಗುವುದು ಒಳ್ಳೆಯದೇನೋ ಎಂದು ನನ್ನನ್ನು ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕೇಳಿಸಿಕೊಳ್ಳಿ.

ಮೊದಲು ಸೆಕೆಯ ವಿಷಯ. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದು, ಬ್ಯಾಂಕಿನ ನೌಕರಿಗೆಂದು ಈ ಊರಿಗೆ ಬಂದು ಇಲ್ಲಿಯೇ ನೆಲೆನಿಂತವನಾದ್ದರಿಂದ ಎರಡೂ ಕಡೆಯ ಬೇಸಿಗೆಯನ್ನು ಮೈಮೇಲೆ ಅನುಭವಿಸಿದ್ದೇನೆ. ಅಂಕಿಯನ್ನಷ್ಟೇ ನೋಡಿದರೆ ಏಪ್ರಿಲ್ ತಿಂಗಳ ಧಾರವಾಡದ ಮಧ್ಯಾಹ್ನವೇ ಇಲ್ಲಿಗಿಂತ ಹೆಚ್ಚು ಬಿಸಿ. ಇಲ್ಲಿ ಪಾದರಸ ಸಾಮಾನ್ಯವಾಗಿ 33ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಅಲ್ಲಿಯ ಒಣಗಾಳಿಯಲ್ಲಿ ಬೆವರು ಬಂದದ್ದೇ ಆರಿಹೋಗುತ್ತದೆ, ಆರುವಾಗ ಮೈಯ ಬಿಸಿಯನ್ನೂ ಒಯ್ಯುತ್ತದೆ, ನೆರಳಿಗೆ ಸರಿದರೆ ಹಾಯೆನಿಸುತ್ತದೆ. ಇಲ್ಲಿಯ ಗಾಳಿಯಲ್ಲಿ ನೀರಿನ ಅಂಶ ಮೊದಲೇ ತುಂಬಿಕೊಂಡಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಹಾಗಾಗಿ ನೆರಳಿನಲ್ಲಿ ಕುಳಿತರೂ ಮೈ ತಣಿಯುವುದಿಲ್ಲ. ರಾತ್ರಿಯೂ 25 ಡಿಗ್ರಿಗಿಂತ ಕೆಳಗೆ ಇಳಿಯುವುದು ಅಪರೂಪ. ಅಳಿಯ ದೂರಿದ್ದು ಇದನ್ನೇ, ಅದರಲ್ಲಿ ಸುಳ್ಳೇನೂ ಇಲ್ಲ.

ಆದರೆ ಅವನು ಗಮನಿಸದೇ ಹೋದದ್ದು ಗಾಳಿಯನ್ನು. ಬಿಸಿಲಿಗೆ ನೆಲವು ಕಡಲಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲಕ್ಕೇರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ರಾತ್ರಿ ನೆಲ ಬೇಗ ತಣ್ಣಗಾಗುವುದರಿಂದ ಗಾಳಿ ತಿರುಗಿ ಮೆಲ್ಲಗೆ ಕಡಲಿನತ್ತ ಸಾಗುತ್ತದೆ. ಈ ಎರಡರ ನಡುವೆ, ಒಂದು ನಿಂತು ಇನ್ನೊಂದು ಶುರುವಾಗುವ ಹೊತ್ತಿನಲ್ಲಿ, ಮರದ ಎಲೆಯೂ ಅಲುಗದ ಒಂದು ಬಿಡುವು ಇರುತ್ತದೆ. ಬೆಳಿಗ್ಗೆ ಸುಮಾರು ಒಂಬತ್ತರಿಂದ ಹನ್ನೊಂದರವರೆಗೆ, ಮತ್ತೆ ಕತ್ತಲಾದ ಮೇಲೆ ಸ್ವಲ್ಪ ಹೊತ್ತು, ಈ ಊರು ನಿಜಕ್ಕೂ ಉಸಿರುಗಟ್ಟಿಸುತ್ತದೆ. ನಮ್ಮ ಅಳಿಯ ವಸತಿಗೃಹದಿಂದ ಹೊರಬಿದ್ದದ್ದು ಒಂಬತ್ತೂವರೆಗೆ. ದೇವಸ್ಥಾನ ತಲುಪಿದ್ದು ಮಧ್ಯಾಹ್ನದ ಪೂಜೆ ಮುಗಿದು ಬಾಗಿಲು ಹಾಕಿದ ಮೇಲೆ. ಪಣಂಬೂರು ಕಡಲತೀರದ ಮರಳಿನ ಮೇಲೆ ಕಾಲಿಟ್ಟದ್ದು ಎರಡು ಗಂಟೆಗೆ. ಸಂಜೆ ಐದಕ್ಕೆ ಕಡಲ ಗಾಳಿ ಊರಿನೊಳಗೆಲ್ಲ ಹರಡಿ ಜನರು ಮನೆಯಿಂದ ಹೊರಬೀಳುವಾಗ ಇವನು ಗೆಳೆಯರೊಂದಿಗೆ ಮಾಲ್‌ನ ತಂಪಿನೊಳಗೆ ಸೇರಿಕೊಂಡಿದ್ದ. ಅಳಿಯನೇ, ಕೋಪಿಸಿಕೊಳ್ಳಬೇಡ, ಅಂಥ ಮಾಲ್ ಮೈಸೂರಿನಲ್ಲಿಯೂ ಉಂಟು.

ಹಾಗಾಗಿ ವೈನಿ, ಬನ್ನಿ. ಆದರೆ ದಿನವನ್ನು ಇಲ್ಲಿಯವರು ಬಳಸುವಂತೆ ಬಳಸಿ. ಬೆಳಿಗ್ಗೆ ಆರರಿಂದ ಒಂಬತ್ತು ನಿಮ್ಮದು, ಸಂಜೆ ನಾಲ್ಕೂವರೆಯಿಂದ ರಾತ್ರಿ ಎಷ್ಟು ಹೊತ್ತಾದರೂ ನಿಮ್ಮದು, ನಡುವಿನದ್ದನ್ನು ಊಟಕ್ಕೂ ನಿದ್ರೆಗೂ ಬಿಟ್ಟುಬಿಡಿ. ಒಂದು ದಿನಕ್ಕೆ ಹತ್ತು ಸ್ಥಳಗಳ ಪಟ್ಟಿಯನ್ನು ಯಾರಾದರೂ ಕಳುಹಿಸಿದರೆ ಅದನ್ನು ಅಳಿಸಿಹಾಕಿ.

ಬೆಳಗಿನ ಹೊತ್ತಿಗೆ ನನ್ನ ಮೊದಲ ಆಯ್ಕೆ ಕದ್ರಿ. ರಿಕ್ಷಾ ದೇವಸ್ಥಾನದ ಅಂಗಳದವರೆಗೆ ಬರುವುದರಿಂದ ನಿಮ್ಮ ತಾಯಿಯವರಿಗೆ ನಡೆಯುವ ಕಷ್ಟವಿಲ್ಲ. ಮಂಜುನಾಥನ ದರ್ಶನವಾದ ಮೇಲೆ ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ತಪ್ಪದೇ ನೋಡಿ. ಆಳುಪ ದೊರೆ ಕುಂದವರ್ಮನು 968ರಲ್ಲಿ ಅದನ್ನು ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನವೇ ಹೇಳುತ್ತದೆ. ಸಾವಿರ ವರ್ಷ ದಾಟಿದ ಕಂಚು, ಈ ಉಪ್ಪುಗಾಳಿಯ ಊರಿನಲ್ಲಿ, ಇನ್ನೂ ಪೂಜೆಯಲ್ಲಿದೆ ಎಂಬುದು ನನಗೆ ಪ್ರತಿ ಸಲವೂ ಆಶ್ಚರ್ಯವೆನಿಸುತ್ತದೆ. ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದಿಂದ ಬೀಳುವ ನೀರೂ ಕೆರೆಗಳೂ ಇವೆ, ಮಕ್ಕಳು ಅಲ್ಲಿಂದ ಬೇಗ ಏಳುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದುಕೊಳ್ಳಿ. ಇನ್ನೂ ಮೇಲೆ ಗುಡ್ಡದಲ್ಲಿ ಜೋಗಿ ಮಠ ಇದೆ. 1623ರಲ್ಲಿ ರೋಮಿನಿಂದ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ಈ ಕದ್ರಿಗೆ ಬಂದು, ಜೋಗಿಗಳ ಅರಸನನ್ನು ಕಂಡು ಮಾತನಾಡಿ, ಆ ಭೇಟಿಯನ್ನು ತನ್ನ ಪತ್ರಗಳಲ್ಲಿ ಬರೆದಿಟ್ಟಿದ್ದಾನೆ. ಅಂದಹಾಗೆ, ಅವನು ಬಂದದ್ದು ಡಿಸೆಂಬರ್ ತಿಂಗಳಿನಲ್ಲಿ. ಆ ಮಟ್ಟಿಗೆ ನಮ್ಮ ಅಳಿಯನಿಗಿಂತ ಜಾಣ.

ಇನ್ನೊಂದು ಬೆಳಿಗ್ಗೆ ಅಣ್ಣನಿಗೆ ಬೇಗ ಎಚ್ಚರವಾದರೆ ನಾನು ಅವನನ್ನು ಬಂದರಿನ ಧಕ್ಕೆಗೆ, ಅಂದರೆ ದೋಣಿಗಳು ನಿಲ್ಲುವ ಕಟ್ಟೆಗೆ, ಕರೆದೊಯ್ಯುತ್ತೇನೆ. ನಾವು ಮೀನು ತಿನ್ನುವವರಲ್ಲ, ವಾಸನೆಗೆ ಮೊದಲ ಐದು ನಿಮಿಷ ಮೂಗು ಮುಚ್ಚಬೇಕಾಗುತ್ತದೆ, ಆದರೂ ನಸುಕಿನಲ್ಲಿ ದೋಣಿಗಳಿಂದ ಬಂಗುಡೆ, ಬೂತಾಯಿಯ ಬುಟ್ಟಿಗಳು ಇಳಿಯುವುದನ್ನೂ, ಏಲಂ ಕೂಗುವವರ ದನಿಗೆ ಒಂದಿಷ್ಟೂ ಸೋಲದೇ ಮೀನು ಮಾರುವ ಹೆಂಗಸರು ದರ ಕಟ್ಟುವುದನ್ನೂ ನೋಡದೇ ಈ ಊರು ಯಾವುದರ ಮೇಲೆ ನಡೆಯುತ್ತದೆ ಎಂಬುದು ತಿಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ನೀವು ಬರುವ ಹೊತ್ತಿಗೆ ಋತುವಿನ ಕೊನೆಯ ಗಡಿಬಿಡಿ ನಡೆದಿರುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನು ಕೂಡ ಇಲ್ಲಿಯ ಅಳಿವೆಯ ಅಗಲವನ್ನೂ, ಮೆಣಸು ಶುಂಠಿಗಾಗಿ ಪರ್ಷಿಯಾ ಮತ್ತು ಯೆಮೆನ್ ಕಡೆಯಿಂದ ಬಂದಿಳಿಯುತ್ತಿದ್ದ ವರ್ತಕರನ್ನೂ ಕುರಿತು ಬರೆದಿದ್ದಾನೆ. ಊರಿನ ಅರಸನು ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸುವವರೆಗೆ ಅವನು ದಡಕ್ಕೆ ಇಳಿಯಲಿಲ್ಲವಂತೆ. ಇಳಿದ ಮೇಲೆ ಮೂರು ದಿನ ಮರ್ಯಾದೆಯಿಂದ ಉಂಡು ಹೋದ. ವೈನಿ, ನೀವು ಒತ್ತೆ ಕೇಳುವುದಾದರೆ ನಾನೇ ಬಸ್ ನಿಲ್ದಾಣದಲ್ಲಿ ಬಂದು ನಿಂತಿರುತ್ತೇನೆ.

ಬಾವುಟಗುಡ್ಡದ ಸೇಂಟ್ ಅಲೋಶಿಯಸ್ ಚಾಪೆಲ್ ಅನ್ನು ಬಿಸಿಲೇರುವ ಮೊದಲು ನೋಡಿಬಿಡಿ. ಇಟಲಿಯ ಆಂತೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಕ್ರೈಸ್ತ ಸಂಘದ ಸೋದರನು 1899ರಿಂದ 1901ರ ನಡುವೆ ಗೋಡೆಯನ್ನೂ ಒಳಮಾಡನ್ನೂ ಚಿತ್ರಗಳಿಂದ ತುಂಬಿಸಿದ್ದಾನೆ. ಚಿತ್ರಕಲೆಯನ್ನು ಕಲಿಯುತ್ತಿರುವ ನಿಮ್ಮ ಹಿರಿಯ ಮೊಮ್ಮಗಳಿಗೆ ಅಲ್ಲಿ ಒಂದು ಗಂಟೆ ಸಾಲುವುದಿಲ್ಲ.

ಮಧ್ಯಾಹ್ನದ ಬಗ್ಗೆ ಹೇಳಲೇಬೇಕಾದದ್ದು ಇದೆ, ಏಕೆಂದರೆ ಪ್ರವಾಸಿಗರು ಇಲ್ಲಿ ಸೋಲುವುದು ಇದೇ ಹೊತ್ತಿಗೆ. ಹನ್ನೆರಡೂವರೆಯೊಳಗೆ ಊಟ ಮುಗಿಸಿ. ಧಾರವಾಡದವರಿಗೆ ಕುಚ್ಚಲಕ್ಕಿಯ ಅನ್ನದ ಗಾತ್ರ ನೋಡಿದಾಗಲೇ ಹೊಟ್ಟೆ ತುಂಬುತ್ತದೆ ಎಂಬುದು ನನಗೆ ಗೊತ್ತಿದೆ, ಆದರೂ ಒಂದು ದಿನವಾದರೂ ಅದರ ಗಂಜಿಯನ್ನು ಉಪ್ಪು ಹಾಕಿ, ಮಾವಿನ ಮಿಡಿ ಉಪ್ಪಿನಕಾಯಿಯೊಂದಿಗೆ ಉಂಡು ನೋಡಿ. ಈ ಸೆಕೆಗೆ ಅದಕ್ಕಿಂತ ಹಿತವಾದ ಊಟವನ್ನು ನಾನು ಕಂಡಿಲ್ಲ. ಸೌತೆಕಾಯಿಯ ಕೊದ್ದೆಲು ಎಂಬ ಹುಳಿ, ನೀರ್ ದೋಸೆ, ಸಂಜೆಗೆ ಬನ್ಸ್ ಮತ್ತು ಗೋಳಿಬಜೆ ಮಕ್ಕಳಿಗೆ ಹಿಡಿಸುತ್ತವೆ. ಕುಡಿಯಲು ಬೊಂಡ (ಎಳನೀರು), ಪುನರ್ಪುಳಿ (ಕೋಕಂ) ಸರಬತ್ತು, ಬಚ್ಚಂಗಾಯಿ (ಕಲ್ಲಂಗಡಿ), ಇಬ್ಬುಡ್ಲು (ಕರಬೂಜ) ಹಣ್ಣಿನ ರಸಾಯನ ಸಿಗುತ್ತವೆ. ಬಾಯಾರಿಕೆಯಾದ ಮೇಲೆ ಕುಡಿಯುವುದಲ್ಲ, ಮೊದಲೇ ಕುಡಿಯುತ್ತಿರಬೇಕು. ನಿಮ್ಮ ತಾಯಿಯವರು ಬಿಪಿಯ ಮಾತ್ರೆ ತೆಗೆದುಕೊಳ್ಳುವವರಾದ್ದರಿಂದ ಹೊರಡುವ ಮುನ್ನ ಉಪ್ಪು ಮತ್ತು ನೀರಿನ ಬಗ್ಗೆ ವೈದ್ಯರನ್ನು ಕೇಳಿಕೊಂಡೇ ಬನ್ನಿ. ಪ್ರತಿಯೊಬ್ಬರ ಕೈಯಲ್ಲೂ ಹತ್ತಿಯ ಒಂದು ಬೈರಾಸು (ತೆಳು ಟವೆಲು) ಇರಲಿ, ನೈಲಾನ್ ಮಿಶ್ರಿತ ಬಟ್ಟೆಗಳು ಧಾರವಾಡದಲ್ಲಿಯೇ ಉಳಿಯಲಿ.

ಉಳಿಯುವ ಕೋಣೆಯನ್ನು ಆರಿಸುವಾಗ ಮೇಲಿನ ಅಂತಸ್ತು ಬೇಡವೆಂದು ಸ್ಪಷ್ಟವಾಗಿ ಹೇಳಿ. ಹಗಲೆಲ್ಲ ಕಾದ ತಾರಸಿಯು ರಾತ್ರಿಯೆಲ್ಲ ಆ ಬಿಸಿಯನ್ನು ಕೆಳಗಿನ ಕೋಣೆಗೆ ಬಿಡುತ್ತಿರುತ್ತದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ದೇಶದ ಉದ್ದಗಲಕ್ಕೂ ಹೋಯಿತು. ನಮ್ಮ ಧಾರವಾಡದ ಹಳೆಯ ಶಾಲೆಗಳ ಮಾಡಿನ ಮೇಲೂ ಅದನ್ನೇ ನೋಡುತ್ತಾ ಬೆಳೆದೆವು. ಹಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ, ಮುರಕಲ್ಲಿನ (ಕೆಂಪುಕಲ್ಲಿನ) ದಪ್ಪ ಗೋಡೆಗೆ ಬಿಸಿಲು ಬೇಗ ಇಳಿಯುವುದಿಲ್ಲ. ಅಂಥ ಮನೆಗಳನ್ನು ಕೆಡವಿ ಗಾಜಿನ ಮುಖದ ಕಟ್ಟಡಗಳನ್ನು ಎಬ್ಬಿಸಿ, ಆಮೇಲೆ ಸೆಕೆ ಹೆಚ್ಚಾಯಿತೆಂದು ಗೊಣಗುವುದು ನಮ್ಮ ಊರಿನವರ ಬುದ್ಧಿವಂತಿಕೆ. ನಮ್ಮ ಮನೆಯ ಕೆಳಗಿನ ಎರಡು ಕೋಣೆಗಳು ಹಂಚಿನವೇ, ನೀವು ಅಲ್ಲಿಯೇ ಇಳಿದುಕೊಂಡರೆ ಈ ಪ್ರಶ್ನೆಯೇ ಏಳುವುದಿಲ್ಲ. ನಿಮ್ಮ ಸಂಕೋಚ ನನಗೆ ತಿಳಿದಿರುವುದರಿಂದ ಒತ್ತಾಯ ಮಾಡುವುದಿಲ್ಲ.

ಸಂಜೆಗೆ ಪಣಂಬೂರಿಗಿಂತ ನಾನು ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಸೂಚಿಸುತ್ತೇನೆ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ನದಿಯ ಮೂಲಕ ಬರುವ ಶತ್ರುಗಳ ಹಡಗಿನ ಮೇಲೆ ಕಣ್ಣಿಡಲು ಕಪ್ಪುಕಲ್ಲಿನಿಂದ ಕಟ್ಟಿದ ಕಾವಲುಗೋಪುರ ಅದು. ಗೋಪುರ ಚಿಕ್ಕದು, ಹತ್ತು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಸೊಗಸಿರುವುದು ಅದರ ಮುಂದೆ ಹರಿಯುವ ಗುರುಪುರ ನದಿಯಲ್ಲಿ. ಅಲ್ಲಿಂದ ದೋಣಿ ಹತ್ತಿ ಆಚೆ ದಡ ಸೇರಿ ಸ್ವಲ್ಪ ನಡೆದರೆ ತಣ್ಣೀರುಬಾವಿಯ ಕಡಲತೀರ. ಒಂದೇ ನಡಿಗೆಯಲ್ಲಿ ನದಿಯೂ ಕಡಲೂ ಸಿಗುತ್ತವೆ, ಗಾಳಿಮರಗಳ ನೆರಳೂ ಇದೆ. ಐದಕ್ಕೆ ಅಲ್ಲಿದ್ದರೆ ಆರೂಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುವವರೆಗೆ ಮಕ್ಕಳು ಮರಳಿನಲ್ಲಿ ಆಡಬಹುದು. ಆದರೆ ನೀರಿಗೆ ಇಳಿಯುವ ಮಾತಿಗೆ ನಾನು ಕಟ್ಟುನಿಟ್ಟು. ಮೇ ತಿಂಗಳು ಮುಂದುವರಿದಂತೆ ಕಡಲು ಒರಟಾಗುತ್ತದೆ, ಮೇಲಿಂದ ಶಾಂತವಾಗಿ ಕಂಡರೂ ಒಳಸೆಳೆತ ಬಲವಾಗಿರುತ್ತದೆ. ಘಟ್ಟದ ಮೇಲಿನಿಂದ ಬಂದ ಹುಡುಗರು ಸೋಮೇಶ್ವರ ಕಡಲತೀರದ ಬಂಡೆಗಳ ಬಳಿ ಫೋಟೋ ತೆಗೆಯಲು ಹೋಗಿ ಜೀವ ಕಳೆದುಕೊಂಡ ಸುದ್ದಿ ಇಲ್ಲಿ ಹೊಸದಲ್ಲ. ಪಾದ ನೆನೆಸಿಕೊಳ್ಳುವುದಕ್ಕಿಂತ ಮುಂದೆ ಹೋಗುವುದಾದರೆ ಜೀವರಕ್ಷಕರಿರುವ ಕಡೆಯಲ್ಲಿ, ಅವರು ಒಪ್ಪಿದ ಮೇಲೆ ಮಾತ್ರ.

ರಾತ್ರಿಯನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ, ನನ್ನ ಪ್ರಕಾರ ಈ ಊರನ್ನು ನೋಡಬೇಕಾದದ್ದೇ ರಾತ್ರಿಯಲ್ಲಿ. ಯಕ್ಷಗಾನದ ಮೇಳಗಳು ತುಳು ಪಂಚಾಂಗದ ಪತ್ತನಾಜೆ ದಿನದವರೆಗೆ, ಅಂದರೆ ಮೇ 24ರ ಆಸುಪಾಸಿನವರೆಗೆ, ತಿರುಗಾಟದಲ್ಲಿರುತ್ತವೆ. ಆಮೇಲೆ ಗೆಜ್ಜೆ ಬಿಚ್ಚಿದರೆ ಮಳೆಗಾಲ ಮುಗಿಯುವವರೆಗೆ ಬಯಲಾಟವಿಲ್ಲ. ನೀವು ಬರುವ ವಾರದಲ್ಲಿ ಸುತ್ತಮುತ್ತ ಎಲ್ಲಿಯಾದರೂ ಹರಕೆಯ ಆಟ, ಅಂದರೆ ಯಾರೋ ಹರಕೆ ಹೊತ್ತು ಆಡಿಸುವ ಯಕ್ಷಗಾನ, ಇದ್ದೇ ಇರುತ್ತದೆ. ಟಿಕೆಟ್ಟಿಲ್ಲ, ಆಮಂತ್ರಣ ಬೇಕಿಲ್ಲ, ಗದ್ದೆಯಲ್ಲಿ ಹಾಕಿದ ಕುರ್ಚಿಯಲ್ಲಿ ಹೋಗಿ ಕುಳಿತರಾಯಿತು. ಚೆಂಡೆಯ ಪೆಟ್ಟಿಗೆ ಸಣ್ಣ ಮಕ್ಕಳೂ ನಿದ್ರೆ ಮರೆತು ಕಣ್ಣರಳಿಸಿ ಕೂರುತ್ತವೆ, ಮಹಿಷಾಸುರ ಜನರ ನಡುವಿನಿಂದ ಪಂಜಿನ ಬೆಳಕಿನಲ್ಲಿ ಅಬ್ಬರಿಸುತ್ತಾ ಬಂದರೆ ಮಾತ್ರ ಕಿರಿಯವನನ್ನು ಅಣ್ಣ ಮಡಿಲಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಬದಿಯಲ್ಲಿ ಚರುಮುರಿ ಗಾಡಿ ಇರುತ್ತದೆ. ನಮ್ಮ ಧಾರವಾಡದ ಗಿರಮಿಟ್ಟೇ ಮೇಲು ಎಂಬ ವಾದವನ್ನು ಅಲ್ಲಿ ತೆಗೆಯಬೇಡಿ. ಆಟ ಇಲ್ಲದ ರಾತ್ರಿ ಹಂಪನಕಟ್ಟೆಯ ಕಡೆಗೆ ಹೋಗಿ ಉದ್ದನೆಯ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ ಪದರಪದರವಾಗಿ ತುಂಬಿಸಿ ಕೊಡುವ ಗಡ್‌ಬಡ್ ತಿನ್ನೋಣ. ಹತ್ತು ಗಂಟೆಗೂ ಅಲ್ಲಿ ಕೂರಲು ಜಾಗ ಸಿಗುವುದಿಲ್ಲ.

ಅಳಿಯನ ದೂರಿನಲ್ಲಿ ನಾನು ಒಪ್ಪಿಕೊಳ್ಳುವಂಥದ್ದೂ ಇದೆ. ಪಂಪ್‌ವೆಲ್, ನಂತೂರು ವೃತ್ತಗಳಲ್ಲಿ ಸಂಜೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಬುದ್ಧಿ ಕೆಡುತ್ತದೆ, ಕಾಲುದಾರಿಗಳು ಇದ್ದಕ್ಕಿದ್ದಂತೆ ಮುಗಿದುಹೋಗುತ್ತವೆ, ಕಡಲತೀರಗಳಲ್ಲಿ ಹಗಲು ಕೂರಲು ಸಾಕಷ್ಟು ನೆರಳಿಲ್ಲ. ಸಿಟಿ ಬಸ್ಸುಗಳು ಬೇಕಾದಷ್ಟಿವೆ, ಆದರೆ ಅವುಗಳ ವೇಗಕ್ಕೆ ನಿಮ್ಮ ತಾಯಿಯವರನ್ನು ಹತ್ತಿಸುವುದು ಬೇಡ. ರಿಕ್ಷಾದವರು ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ.

ಉಡುಪಿಗೆ ಹೋಗುವುದಿದ್ದರೆ ನಸುಕಿನಲ್ಲಿ ಹೊರಟು ಕೃಷ್ಣಮಠದ ದರ್ಶನ ಮುಗಿಸಿ ಮಧ್ಯಾಹ್ನದ ಊಟಕ್ಕೆ ಅಲ್ಲಿಯೇ ನಿಲ್ಲಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳನ್ನು ಮಳೆಗಾಲಕ್ಕೆ ಮುಂಚೆಯೇ ನಿಲ್ಲಿಸುತ್ತಾರಾದ್ದರಿಂದ ಮಕ್ಕಳಿಗೆ ಆಸೆ ಹುಟ್ಟಿಸುವ ಮೊದಲು ವಿಚಾರಿಸಿಕೊಳ್ಳೋಣ.

ಕೊನೆಯದಾಗಿ ಪ್ರಯಾಣ. ನೀವು ಧಾರವಾಡದಿಂದ ಅಂಕೋಲಾ, ಕುಂದಾಪುರದ ಮೇಲೆ ಬರುವ ರಾತ್ರಿಯ ಬಸ್ಸಿಗೆ ಹತ್ತಿದರೆ ಬೆಳಿಗ್ಗೆ ಇಲ್ಲಿ ಇಳಿಯುತ್ತೀರಿ, ಬಿಜೈ ನಿಲ್ದಾಣಕ್ಕೆ ನಾನು ಬರುತ್ತೇನೆ. ಬೆಂಗಳೂರಿನಿಂದ ರೈಲಿನಲ್ಲಿ ಸೇರಿಕೊಳ್ಳುವ ತಂಗಿಯ ಮನೆಯವರು ಟಿಕೆಟ್ಟಿನಲ್ಲಿ ಮಂಗಳೂರು ಸೆಂಟ್ರಲ್ ಎಂದಿದೆಯೋ ಮಂಗಳೂರು ಜಂಕ್ಷನ್ ಎಂದಿದೆಯೋ ನೋಡಿ ನನಗೆ ತಿಳಿಸಲಿ. ಎರಡೂ ಬೇರೆ ಬೇರೆ ನಿಲ್ದಾಣಗಳು, ಒಂದರಲ್ಲಿ ನಾನು ಕಾಯುತ್ತಾ ಇನ್ನೊಂದರಲ್ಲಿ ಅವರು ಇಳಿಯುವುದು ಬೇಡ. ಅಳಿಯನೇ, ನಿನಗೂ ರಜೆ ಸಿಗುವುದಾದರೆ ಬಾ, ಬೆಳಿಗ್ಗೆ ಐದೂವರೆಗೆ ನಾನೇ ಬಂದು ಎಬ್ಬಿಸುತ್ತೇನೆ. ವೈನಿ, ಊಟಿಯ ಕೋಣೆಗೆ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವಾದರೆ ನಾಳೆಯೊಳಗೆ ದಿನಾಂಕ ಹೇಳಿ, ಆ ವಾರದಲ್ಲಿ ಆಟ ಎಲ್ಲೆಲ್ಲಿ ಇದೆ ಎಂದು ವಿಚಾರಿಸಿ ಇಡುತ್ತೇನೆ.