ಅಪ್‌ಡೇಟ್: ನೋಟಿಸ್ ಬೋರ್ಡಿನಿಂದ ಅಂಕಪಟ್ಟಿ ಇಳಿಯಿತು

ನಾನು ಅನುತ್ತೀರ್ಣನಾದ ಎರಡು ವಿಷಯಗಳನ್ನು ಧಾರವಾಡದ ನಮ್ಮ ಕಾಲೇಜು ಹೆಸರಿನ ಸಮೇತ ನೋಟಿಸ್ ಬೋರ್ಡಿಗೆ ಅಂಟಿಸಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ನಿಮ್ಮಲ್ಲೊಬ್ಬರು ತಿಳಿಸಿದ 1974ರ ಫೆರ್ಪಾ (ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳ ಖಾಸಗಿತನದ) ಕಾಯ್ದೆಯಲ್ಲಿ, ಕಾಲೇಜು ಸೇರಿದೊಡನೆ ದಾಖಲೆಗಳ ಮೇಲಿನ ಹಕ್ಕು ತಂದೆತಾಯಿಯಿಂದ ವಿದ್ಯಾರ್ಥಿಗೇ ಬರುತ್ತದೆ ನಿಜ. ಆದರೆ ಅದು ಅಮೆರಿಕದ ಕಾಯ್ದೆ. ಹಾಗಾಗಿ, ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ನೀಡಿದ ಪುಟ್ಟಸ್ವಾಮಿ ತೀರ್ಪನ್ನು ಉಲ್ಲೇಖಿಸಿ ಪ್ರಾಚಾರ್ಯರಿಗೆ ಅರ್ಜಿ ಬರೆದು, ಅದರ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಗುಮಾಸ್ತರು ನಕ್ಕರು, ತೀರ್ಪಿಗಿಂತ ಆ ಮುದ್ರೆಯೇ ಕೆಲಸ ಮಾಡಿತೆಂಬುದು ನನ್ನ ಅನುಮಾನ. ನಾಲ್ಕನೆಯ ದಿನ ಬೋರ್ಡಿನ ಮೇಲೆ ಗೋಂದಿನ ಕಲೆ ಮಾತ್ರ ಉಳಿದಿತ್ತು. ಕಾಲೇಜಿನವರು ನನ್ನ ತಂದೆಯವರಿಗೆ ಫೋನಿನಲ್ಲಿ ಅಂಕ ತಿಳಿಸುವುದು ಮಾತ್ರ ಇನ್ನೂ ನಿಂತಿಲ್ಲ. ಪರೀಕ್ಷಾರ್ಥಿಯು ತನ್ನ ಉತ್ತರಪತ್ರಿಕೆಯನ್ನು ನೋಡಬಹುದೆಂಬ 2011ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದಲ್ಲಿ, ವಿಶ್ವವಿದ್ಯಾಲಯಕ್ಕೆ ಮಾಹಿತಿ ಹಕ್ಕಿನಡಿ ಪ್ರತ್ಯೇಕ ಅರ್ಜಿಯನ್ನೂ ಸಲ್ಲಿಸಿದ್ದೇನೆ.